ಯೂರೋ 2028ಕ್ಕೆ ಲಂಡನ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಯೂರೋಪಿನ ದೇಶಗಳ ತಂಡಗಳು ಆಡುವ ಯೂರೋ 2028 ಫುಟ್‌ಬಾಲ್ ಟೂರ್ನಿ ಜೂನ್ 9ರಂದು ಕಾರ್ಡಿಫ್‌ನಲ್ಲಿ ಶುರುವಾಗಿ ಜುಲೈ 9ರಂದು ಲಂಡನ್ನಿನ ವೆಂಬ್ಲಿಯಲ್ಲಿ ಮುಗಿಯುತ್ತದೆ. 24 ತಂಡ, 51 ಪಂದ್ಯ, 9 ಕ್ರೀಡಾಂಗಣ. ಲಂಡನ್ನಿಗೆ ಹೋಗಿ ಪಂದ್ಯ ನೋಡಬೇಕೆನ್ನುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಓದುವಾಗ ಒಂದು ಮಾತು ನೆನಪಿರಲಿ: ಮೈದಾನ ತಲುಪುವುದು ಸುಲಭ, ಅಲ್ಲಿಂದ ರೂಮಿಗೆ ಮರಳುವುದೇ ಕಷ್ಟ. ಹೋಟೆಲ್, ರೈಲು, ವಿಮಾನ ಯಾವುದನ್ನೇ ಬುಕ್ ಮಾಡುವಾಗಲೂ ಪಂದ್ಯ ಮುಗಿದ ನಂತರದ ಎರಡು ಗಂಟೆಗಳನ್ನು ಮೊದಲು ಲೆಕ್ಕ ಹಾಕಿ.

ಲಂಡನ್ನಿನಲ್ಲಿ ಪಂದ್ಯಗಳು ಎಲ್ಲೆಲ್ಲಿ?

ಎರಡು ಕಡೆ. ಊರಿನ ವಾಯವ್ಯಕ್ಕೆ ವೆಂಬ್ಲಿ, ಸುಮಾರು 90,000 ಆಸನ. ಉತ್ತರಕ್ಕೆ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಕ್ರೀಡಾಂಗಣ, 62,000ಕ್ಕೂ ಹೆಚ್ಚು ಆಸನ. ಎರಡೂ ಸೆಮಿಫೈನಲ್ ಮತ್ತು ಫೈನಲ್ ವೆಂಬ್ಲಿಯಲ್ಲೇ ನಡೆಯುತ್ತವೆ. ಎರಡು ಮೈದಾನಗಳಿಗೂ ಬೇರೆ ಬೇರೆ ರೈಲು ಮಾರ್ಗ. ಟಿಕೆಟ್‌ನಲ್ಲಿ ಬರೀ ‘ಲಂಡನ್’ ಎಂಬುದನ್ನು ಓದಿ ಹೋಟೆಲ್ ಹಿಡಿದರೆ ದಿನಕ್ಕೆ ಮೂರು ಗಂಟೆ ರೈಲಿನಲ್ಲೇ ಕಳೆಯಬೇಕಾದೀತು. ಯಾವ ಕ್ರೀಡಾಂಗಣ ಎಂದು ನೋಡಿಕೊಂಡು ಮುಂದಿನ ಹೆಜ್ಜೆ ಇಡಿ.

ಮೊದಲು ಏನು ಬುಕ್ ಮಾಡಬೇಕು: ಟಿಕೆಟ್, ವಿಮಾನ, ಹೋಟೆಲ್?

ಮೊದಲು ಹೋಟೆಲ್, ಆದರೆ ಹಣ ವಾಪಸ್ ಸಿಗುವ ಷರತ್ತಿನ ಮೇಲೆ ಮಾತ್ರ. ಪಂದ್ಯಪಟ್ಟಿ ಗಟ್ಟಿಯಾದಂತೆ ರೂಮಿನ ಬಾಡಿಗೆ ಏರುತ್ತ ಹೋಗುತ್ತದೆ. ಉಚಿತವಾಗಿ ರದ್ದು ಮಾಡಬಹುದಾದ ರೂಮನ್ನು ಬೇಗ ಹಿಡಿದಿಟ್ಟುಕೊಂಡರೆ ನಷ್ಟವಿಲ್ಲ. ಕೊನೆಯ ದಿನಾಂಕವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಪಂದ್ಯದ ಟಿಕೆಟ್, ಅದು ಕೈಸೇರಿದ ಮೇಲೆ ವೀಸಾ, ಎಲ್ಲಕ್ಕಿಂತ ಕೊನೆಗೆ ಹಣ ಹಿಂತಿರುಗದ ವಿಮಾನದ ಟಿಕೆಟ್. ಈ ಕ್ರಮ ತಲೆಕೆಳಗಾದಾಗಲೇ ಜನ ದುಡ್ಡು ಕಳೆದುಕೊಳ್ಳುವುದು: ಅಗ್ಗಕ್ಕೆ ಸಿಕ್ಕಿತೆಂದು ವಿಮಾನ ಬುಕ್ ಮಾಡಿರುತ್ತಾರೆ, ಪಂದ್ಯದ ಟಿಕೆಟ್ ಬೇರೆ ದಿನದ್ದು ಸಿಗುತ್ತದೆ.

ಸೋತ ತಂಡ ಹೊರಬೀಳುವ ನಾಕೌಟ್ ಹಂತಕ್ಕೆ ಇನ್ನೂ ಎಚ್ಚರ ಬೇಕು. ನಿಮ್ಮ ನೆಚ್ಚಿನ ತಂಡ ಗುಂಪಿನಲ್ಲಿ ಮೊದಲನೆಯದಾದರೆ ಒಂದು ಊರು, ಎರಡನೆಯದಾದರೆ ಇನ್ನೊಂದು ಊರು. ತಂಡದ ಬೆನ್ನು ಹತ್ತಿ ಹೋಗುವವರು ಎರಡೂ ದಾರಿಗಳಿಗೆ ರದ್ದಾಗಬಲ್ಲ ಬುಕಿಂಗ್ ಇಟ್ಟುಕೊಳ್ಳಬೇಕು. ಪಂದ್ಯ ನೋಡಿದರೆ ಸಾಕು, ಯಾವ ತಂಡವಾದರೂ ಸರಿ ಎನ್ನುವವರಿಗೆ ಲಂಡನ್ನಿನಲ್ಲೇ ಬೀಡುಬಿಡುವುದು ನೆಮ್ಮದಿ.

ಟಿಕೆಟ್ ಹೇಗೆ ಸಿಗುತ್ತದೆ?

ಯೂರೋ ಟಿಕೆಟ್‌ಗಳನ್ನು ಮಾರುವುದು ಯೂರೋಪಿನ ಫುಟ್‌ಬಾಲ್ ಒಕ್ಕೂಟವಾದ ಯೂಇಎಫ್‌ಎ, ಅದರ ಅಧಿಕೃತ ಟಿಕೆಟ್ ತಾಣದಲ್ಲಿ. ಮೊದಲು ಖಾತೆ ತೆರೆಯಬೇಕು. 2024ರ ಯೂರೋದಲ್ಲಿ ನಡೆದ ರೀತಿ ಹೀಗಿತ್ತು: ಅರ್ಜಿ ಹಾಕಲು ಕೆಲವು ವಾರಗಳ ಅವಧಿ, ಬಂದ ಅರ್ಜಿಗಳಿಗೆಲ್ಲ ಲಾಟರಿ. ಮೊದಲ ದಿನ ಹಾಕಿದರೂ ಕೊನೆಯ ದಿನ ಹಾಕಿದರೂ ಅವಕಾಶ ಒಂದೇ, ಹಾಗಾಗಿ ರಾತ್ರಿಯೆಲ್ಲ ಎದ್ದು ಕೂರಬೇಕಾಗಿಲ್ಲ. ಅರ್ಹತೆ ಪಡೆದ ತಂಡಗಳ ಅಭಿಮಾನಿಗಳಿಗೆ ಬೇರೆ ಕೋಟಾ, ಬೇರೆ ಸುತ್ತು. ಆ ಟೂರ್ನಿಯ ಗುಂಪು ಹಂತದಲ್ಲಿ ಅತ್ಯಂತ ಅಗ್ಗದ ದರ್ಜೆ 30 ಯೂರೋ, ಅದರ ಮೇಲಿನ ಮೂರನೇ ದರ್ಜೆ 60 ಯೂರೋ. ಫೈನಲ್ ಟಿಕೆಟ್ 95ರಿಂದ 1,000 ಯೂರೋವರೆಗೆ. 2028ಕ್ಕೂ ‘ಫ್ಯಾನ್ಸ್ ಫಸ್ಟ್’ ಎಂಬ ಅಗ್ಗದ ದರ್ಜೆ ಉಳಿದಿದೆ.

ಅರ್ಜಿ ಹಾಕುವಾಗ ಆಗುವ ಮುಖ್ಯ ತಪ್ಪು ಒಂದೇ: ಸಿಕ್ಕರೆ ಸಿಗಲಿ ಎಂದು ಕೈಲಾಗದಷ್ಟು ಪಂದ್ಯಗಳಿಗೆ ಅರ್ಜಿ ಹಾಕುವುದು. ಲಾಟರಿಯಲ್ಲಿ ಹೆಸರು ಬಂದರೆ ಹಣ ಕಟ್ಟಲೇಬೇಕಾಗಬಹುದು, ಆದ್ದರಿಂದ ಷರತ್ತು ಪೂರ್ತಿ ಓದಿ. ಕಾರ್ಡಿನಲ್ಲಿ ವಿದೇಶಿ ವಹಿವಾಟು ತೆರೆದಿದೆಯೇ, ಮಿತಿ ಸಾಕಷ್ಟಿದೆಯೇ ಎಂದೂ ಮೊದಲೇ ನೋಡಿಕೊಳ್ಳಿ. ಬ್ಯಾಂಕಿನ ಓಟಿಪಿ ಬಾರದೆ ಪಾವತಿ ನಿಂತು ಟಿಕೆಟ್ ಕೈತಪ್ಪುವುದು ತುಂಬ ಸಾಮಾನ್ಯ.

ಲಾಟರಿಯಲ್ಲಿ ಸಿಗಲಿಲ್ಲ. ಬೇರೆಯವರಿಂದ ಕೊಳ್ಳಬಹುದೇ?

ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮಾರುವುದೇ ಅಪರಾಧ. 1994ರ ಕ್ರಿಮಿನಲ್ ಜಸ್ಟಿಸ್ ಆ್ಯಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 166ನೇ ಸೆಕ್ಷನ್ ಇದನ್ನು ನಿಷೇಧಿಸಿದೆ. ಸಂಗೀತ ಕಛೇರಿಯ ಟಿಕೆಟ್ ಮರುಮಾರಾಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮುಖಬೆಲೆಗೇ ಮಾರಿದರೂ ಅಪರಾಧವೇ. ಕೊಂಡವರ ಟಿಕೆಟ್ ಪಂದ್ಯದ ದಿನವೂ ರದ್ದಾಗಬಹುದು, ಕೊಟ್ಟ ಹಣ ಕೇಳಲು ದಾರಿಯಿರುವುದಿಲ್ಲ.

ಕಾಯಬೇಕಾದ ಜಾಗ ಯೂಇಎಫ್‌ಎಯ ಸ್ವಂತ ಮರುಮಾರಾಟ ವೇದಿಕೆ. ಬರಲಾಗದವರು ಮುಖಬೆಲೆಗೆ ಅಲ್ಲಿ ಹಿಂದಿರುಗಿಸುತ್ತಾರೆ. ಯಾವ ತಂಡ ಯಾವ ಗುಂಪಿಗೆ ಎಂದು ಚೀಟಿ ಎತ್ತುವ ಡ್ರಾ ಆದ ಮೇಲೆ ಮತ್ತು ಪ್ರತಿ ನಾಕೌಟ್ ಸುತ್ತು ಮುಗಿದ ಮರುದಿನ, ಸೋತ ತಂಡದ ಅಭಿಮಾನಿಗಳ ಟಿಕೆಟ್‌ಗಳು ಹೊರಬರುವ ಸಂಭವ ಹೆಚ್ಚು. ಊಟ-ಉಪಚಾರವೂ ಸೇರಿದ ಆತಿಥ್ಯ ಪ್ಯಾಕೇಜ್ ಇನ್ನೊಂದು ಕಾನೂನುಬದ್ಧ ದಾರಿ, ದುಬಾರಿ.

ವೀಸಾ ಯಾವಾಗ, ಹೇಗೆ?

ಒಂದೇ ವೀಸಾದಲ್ಲಿ ಯೂರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯದಲ್ಲಿ ಬ್ರಿಟನ್ ಇಲ್ಲ. ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ವೀಸಾ ಬೇಡದ ದೇಶಗಳವರು ಇಟಿಎ ಎಂಬ ಎಲೆಕ್ಟ್ರಾನಿಕ್ ಅನುಮತಿ ಪಡೆಯಬೇಕು. ಒಂದಕ್ಕೆ ಇನ್ನೊಂದು ಬದಲಿಯಲ್ಲ.

ವಿಸಿಟರ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳ ಮೊದಲಷ್ಟೇ ಅರ್ಜಿ ಹಾಕಬಹುದು. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಬರುತ್ತದೆ. ಆದರೆ ಜೂನ್-ಜುಲೈ ಹೇಗೂ ಪ್ರವಾಸಿಗರ ಕಾಲ. ಜೂನ್ ಮಧ್ಯಕ್ಕೆ ಹೊರಡುವವರು ಮಾರ್ಚ್ ಮಧ್ಯದಲ್ಲೇ ಅರ್ಜಿ ಸಿದ್ಧ ಇಟ್ಟುಕೊಂಡಿರಬೇಕು.

ಪಂದ್ಯದ ಟಿಕೆಟ್ ಇದ್ದಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಖರ್ಚು ನಿಭಾಯಿಸುವ ಶಕ್ತಿ ನಿಮಗಿದೆ, ಮುಗಿದ ಮೇಲೆ ಮನೆಗೆ ಹಿಂದಿರುಗುತ್ತೀರಿ ಎಂಬ ಎರಡು ಸಂಗತಿ ಅಧಿಕಾರಿಗೆ ಮನವರಿಕೆಯಾಗಬೇಕು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಮಂಜೂರಾದ ಪತ್ರ, ತೆರಿಗೆ ದಾಖಲೆ, ದಿನವಾರು ಪ್ರವಾಸದ ಯೋಜನೆ ಸೇರಿಸಿ. ಅರ್ಜಿಗೆ ಸ್ವಲ್ಪ ಮೊದಲು ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬಂದಿದ್ದರೆ ಅದರ ಮೂಲಕ್ಕೆ ಪುರಾವೆ ಬೇಕು. ವಿವರಣೆಯಿಲ್ಲದ ಜಮೆ ತಿರಸ್ಕಾರಕ್ಕೆ ಸಾಮಾನ್ಯ ಕಾರಣ. ಇಂಗ್ಲಿಷಿನಲ್ಲಿಲ್ಲದ ದಾಖಲೆಗೆ ಪ್ರಮಾಣಿತ ಅನುವಾದ ಲಗತ್ತಿಸಿ.

ಇದೇ ವೀಸಾದಲ್ಲಿ ಕಾರ್ಡಿಫ್, ಗ್ಲಾಸ್ಗೋ, ಡಬ್ಲಿನ್‌ಗೂ ಹೋಗಬಹುದೇ?

ಕಾರ್ಡಿಫ್ ವೇಲ್ಸ್‌ನಲ್ಲಿ, ಗ್ಲಾಸ್ಗೋ ಸ್ಕಾಟ್ಲೆಂಡಿನಲ್ಲಿ. ಎರಡೂ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿದವು, ಬೇರೆ ವೀಸಾ ಬೇಡ. ಡಬ್ಲಿನ್ ಹಾಗಲ್ಲ. ಐರ್ಲೆಂಡ್ ಬೇರೆ ದೇಶ, ಅದರ ವೀಸಾ ನಿಯಮ ಬೇರೆ, ನಾಣ್ಯ ಯೂರೋ. ಡಬ್ಲಿನ್ ಪಂದ್ಯ ಪಟ್ಟಿಯಲ್ಲಿದ್ದರೆ ಐರ್ಲೆಂಡಿನ ವಲಸೆ ಇಲಾಖೆಯ ಷರತ್ತು ಓದಿ ಅದಕ್ಕೂ ಪ್ರತ್ಯೇಕ ಸಮಯ ತೆಗೆದಿಡಿ.

ಎಲ್ಲಿ ಉಳಿದುಕೊಳ್ಳುವುದು ಒಳ್ಳೆಯದು?

ಮ್ಯಾಪಿನಲ್ಲಿ ಮೈಲಿ ಅಳೆಯಬೇಡಿ, ರೈಲಿನ ಲೈನ್ ನೋಡಿ. ಹತ್ತು ಕಿಲೋಮೀಟರ್ ದೂರವಿದ್ದರೂ ನೇರ ಲೈನ್ ಇದ್ದರೆ ಅರ್ಧ ಗಂಟೆಯಲ್ಲಿ ರೂಮು ಸೇರಬಹುದು. ನಾಲ್ಕು ಕಿಲೋಮೀಟರ್ ಇದ್ದು ಎರಡು ಕಡೆ ರೈಲು ಬದಲಿಸಬೇಕಾದರೆ ಮಧ್ಯರಾತ್ರಿಯಾಗುತ್ತದೆ.

ಎರಡೂ ಮೈದಾನಗಳಲ್ಲಿ ಪಂದ್ಯವಿರುವವರಿಗೆ ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಾಸ್ ಸುತ್ತಮುತ್ತ ನಮ್ಮ ಮೊದಲ ಆಯ್ಕೆ. ಅಲ್ಲಿಂದ ಟ್ಯೂಬಿನ (ಲಂಡನ್ನಿನ ಮೆಟ್ರೋ ರೈಲಿನ) ಮೆಟ್ರೊಪಾಲಿಟನ್ ಲೈನ್ ನೇರ ವೆಂಬ್ಲಿ ಪಾರ್ಕಿಗೆ ಹೋಗುತ್ತದೆ, ವಿಕ್ಟೋರಿಯಾ ಲೈನ್ ಟಾಟೆನ್‌ಹ್ಯಾಮ್ ಕಡೆಯ ಸೆವೆನ್ ಸಿಸ್ಟರ್ಸ್‌ಗೆ. ಹೀಥ್ರೋ ವಿಮಾನ ನಿಲ್ದಾಣದಿಂದ ಪಿಕಡಿಲ್ಲಿ ಲೈನ್ ನೇರ ಬರುತ್ತದೆ, ಗ್ಯಾಟ್‌ವಿಕ್ ವಿಮಾನ ನಿಲ್ದಾಣದಿಂದ ಥೇಮ್ಸ್‌ಲಿಂಕ್ ರೈಲು ನೇರ ಬರುತ್ತದೆ. ನ್ಯೂಕಾಸಲ್ ರೈಲು ಹೊರಡುವುದು ಇದೇ ನಿಲ್ದಾಣದಿಂದ. ಮ್ಯಾಂಚೆಸ್ಟರ್, ಲಿವರ್‌ಪೂಲ್, ಬರ್ಮಿಂಗ್‌ಹ್ಯಾಮ್, ಗ್ಲಾಸ್ಗೋ ರೈಲುಗಳ ಯೂಸ್ಟನ್ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ಬಾಡಿಗೆ ಕಡಿಮೆಯೇನಲ್ಲ, ಆದರೆ ಓಡಾಟದಲ್ಲಿ ಉಳಿತಾಯವಾಗುವ ಸಮಯಕ್ಕೆ ಅದು ಸರಿಹೋಗುತ್ತದೆ.

ವೆಂಬ್ಲಿ ಮಾತ್ರ ಇದ್ದರೆ ಬೇಕರ್ ಸ್ಟ್ರೀಟ್, ಫಿಂಚ್ಲಿ ರೋಡ್, ವೆಸ್ಟ್ ಹ್ಯಾಂಪ್‌ಸ್ಟೆಡ್ ನೋಡಿ. ಸ್ವಲ್ಪ ಅಗ್ಗಕ್ಕೆ ಬೇಕೆಂದರೆ ವೆಂಬ್ಲಿಯನ್ನು ದಾಟಿ ಆಚೆಗಿರುವ ಹ್ಯಾರೋ-ಆನ್-ದ-ಹಿಲ್ ಅಥವಾ ಸ್ಟ್ಯಾನ್‌ಮೋರ್ ಕಡೆ. ಪಂದ್ಯ ಮುಗಿದಾಗ ಜನರಲ್ಲಿ ಬಹುಪಾಲು ನಗರದ ಕಡೆಗೆ ಹೊರಡುತ್ತಾರೆ, ನಿಮ್ಮ ರೈಲು ಎದುರು ದಿಕ್ಕಿನಲ್ಲಿ ಹೋಗುತ್ತದೆ.

ಮೈದಾನದ ಪಕ್ಕದಲ್ಲೇ ಇರುವ ಹೋಟೆಲ್? ಪಂದ್ಯದ ರಾತ್ರಿ ಅದಕ್ಕಿಂತ ಸುಖವಿಲ್ಲ. ಆದರೆ ಆ ಒಂದು ರಾತ್ರಿಯ ಬಾಡಿಗೆಯೇ ಕಣ್ಣು ಕುಕ್ಕುವಂತಿರುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆ ಒಂದು ರಾತ್ರಿಗೆ ಮಾತ್ರ ಅಲ್ಲಿ ಹಿಡಿಯುವುದು ದುಂದು ಅಲ್ಲ.

ವಿಮಾನ ನಿಲ್ದಾಣದಿಂದ ಊರೊಳಗೆ ಹೇಗೆ?

ಹೀಥ್ರೋದಿಂದ ಮೂರು ರೈಲು. ಹೀಥ್ರೋ ಎಕ್ಸ್‌ಪ್ರೆಸ್ 15 ನಿಮಿಷದಲ್ಲಿ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ, ದರ ಹೆಚ್ಚು. ಎಲಿಜಬೆತ್ ಲೈನ್ ಅದಕ್ಕಿಂತ ಅಗ್ಗ, ಊರಿನ ನಡುವಿನ ನಿಲ್ದಾಣಗಳಿಗೆಲ್ಲ ನೇರ ಹೋಗುತ್ತದೆ. ಪಿಕಡಿಲ್ಲಿ ಲೈನ್ ಎಲ್ಲಕ್ಕಿಂತ ಅಗ್ಗ, ಕಿಂಗ್ಸ್ ಕ್ರಾಸ್‌ಗೆ ಸುಮಾರು ಒಂದು ಗಂಟೆ. ಹೆಚ್ಚಿನವರಿಗೆ ಎಲಿಜಬೆತ್ ಲೈನೇ ಸರಿ. ಸ್ಟ್ಯಾನ್‌ಸ್ಟೆಡ್‌ಗೆ ಇಳಿಯುವವರು ಗಮನಿಸಿ: ಅಲ್ಲಿಯ ಎಕ್ಸ್‌ಪ್ರೆಸ್ ಟಾಟೆನ್‌ಹ್ಯಾಮ್ ಹೇಲ್‌ನಲ್ಲಿ ನಿಲ್ಲುತ್ತದೆ, ವಿಕ್ಟೋರಿಯಾ ಲೈನಿಗೆ ಅಲ್ಲೇ ಬದಲಿಸಬಹುದು, ಕೊನೆಯ ಲಿವರ್‌ಪೂಲ್ ಸ್ಟ್ರೀಟ್‌ವರೆಗೆ ಹೋಗಬೇಕಾಗಿಲ್ಲ.

ಓಯ್ಸ್ಟರ್ ಕಾರ್ಡ್ ಕೊಳ್ಳಬೇಕೇ, ಬ್ಯಾಂಕ್ ಕಾರ್ಡ್ ಸಾಕೇ?

ಓಯ್ಸ್ಟರ್ ಎಂದರೆ ಲಂಡನ್ನಿನ ರೈಲು, ಬಸ್ಸುಗಳಿಗೆ ಮೊದಲೇ ಹಣ ತುಂಬಿಸಿ ಬಳಸುವ ಕಾರ್ಡ್. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಸಾಕು, ವಯಸ್ಕರಿಗೆ ಎರಡರ ದರವೂ ಒಂದೇ. ಗೇಟಿನಲ್ಲಿರುವ ಹಳದಿ ಯಂತ್ರಕ್ಕೆ ಹೋಗುವಾಗಲೂ ಬರುವಾಗಲೂ ತಾಗಿಸಬೇಕು. ಹೊರಬರುವಾಗ ತಾಗಿಸಲು ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ. ದಿನಕ್ಕೊಂದು ಗರಿಷ್ಠ ಮಿತಿ ಇದೆ, ಸೋಮವಾರದಿಂದ ಭಾನುವಾರದವರೆಗೆ ವಾರಕ್ಕೂ ಒಂದು ಮಿತಿ ಇದೆ. ಅದನ್ನು ದಾಟಿದ ಮೇಲೆ ಎಷ್ಟು ಓಡಾಡಿದರೂ ಹಣ ಕಡಿತವಾಗದು.

ಈ ಮಿತಿಯ ಲಾಭ ಸಿಗಬೇಕಾದರೆ ಪ್ರತಿ ಬಾರಿಯೂ ಅದೇ ವಸ್ತುವನ್ನೇ ತಾಗಿಸಬೇಕು. ಬೆಳಿಗ್ಗೆ ಕಾರ್ಡ್, ಸಂಜೆ ಅದೇ ಕಾರ್ಡನ್ನು ತುಂಬಿಕೊಂಡ ಫೋನ್ ತಾಗಿಸಿದರೆ ಯಂತ್ರದ ಲೆಕ್ಕದಲ್ಲಿ ಅವರು ಇಬ್ಬರು ಬೇರೆ ಪ್ರಯಾಣಿಕರು. ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲೂ ಆಗದು, ತಲೆಗೊಂದು ಬೇಕು. ವಿದೇಶಿ ಕಾರ್ಡಿಗೆ ನಿಮ್ಮ ಬ್ಯಾಂಕ್ ಹಾಕುವ ವಿನಿಮಯ ಶುಲ್ಕ ದಿನಾ ಸೇರುತ್ತ ಹೋಗುವುದರಿಂದ ಆ ಶುಲ್ಕವಿಲ್ಲದ ಕಾರ್ಡ್ ಇದ್ದರೆ ಅದನ್ನೇ ಬಳಸಿ. ಎಲ್ಲ ವಿದೇಶಿ ಕಾರ್ಡುಗಳೂ ಗೇಟಿನಲ್ಲಿ ಓಡುತ್ತವೆಂದು ನಂಬಿ ಕೂರಬೇಡಿ. ಬಂದಿಳಿದ ದಿನವೇ ಪರೀಕ್ಷಿಸಿ, ಓಡದಿದ್ದರೆ ಓಯ್ಸ್ಟರ್ ಕೊಳ್ಳಿ.

ಬಸ್ಸಿನಲ್ಲಿ ನಗದು ನಡೆಯುವುದಿಲ್ಲ, 2014ರಿಂದಲೇ ನಿಂತಿದೆ. ಬಸ್ಸಿಗೆ ಹತ್ತುವಾಗ ಮಾತ್ರ ತಾಗಿಸಬೇಕು. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಬೇರೆ ಬಸ್ಸುಗಳಿಗೆ ಹತ್ತಿದರೆ ಮತ್ತೆ ದುಡ್ಡಿಲ್ಲ.

ವೆಂಬ್ಲಿಗೆ ಯಾವ ದಾರಿ?

ಮೂರು ನಿಲ್ದಾಣಗಳಿವೆ. ಹೆಸರುಗಳು ಒಂದೇ ತರಹ ಇರುವುದರಿಂದ ಗೊಂದಲವಾಗುತ್ತದೆ.

ವೆಂಬ್ಲಿ ಪಾರ್ಕ್: ಜ್ಯುಬಿಲಿ ಮತ್ತು ಮೆಟ್ರೊಪಾಲಿಟನ್ ಲೈನ್. ಹೊರಬಂದು ಮೆಟ್ಟಿಲಿಳಿದರೆ ಒಲಿಂಪಿಕ್ ವೇ ಎಂಬ ವಿಶಾಲ ಕಾಲುದಾರಿ, ಎದುರಿಗೆ 133 ಮೀಟರ್ ಎತ್ತರದ ಕಮಾನು. ನಡಿಗೆ ಸುಮಾರು ಹತ್ತು ನಿಮಿಷ. ಮೊದಲ ಬಾರಿ ಹೋಗುವವರು ಈ ದಾರಿಯಲ್ಲೇ ಹೋಗಿ, ಎರಡೂ ತಂಡದ ಹಾಡುಗಳ ನಡುವೆ ನಡೆದು ಬರುವ ಆ ಹತ್ತು ನಿಮಿಷ ಪಂದ್ಯದಷ್ಟೇ ದೊಡ್ಡದು. ಬೇಕರ್ ಸ್ಟ್ರೀಟ್‌ನಿಂದ ಮೆಟ್ರೊಪಾಲಿಟನ್ ರೈಲು ಫಿಂಚ್ಲಿ ರೋಡ್‌ನಲ್ಲೊಮ್ಮೆ ನಿಂತರೆ ಮುಂದಿನ ನಿಲ್ದಾಣವೇ ವೆಂಬ್ಲಿ ಪಾರ್ಕ್. ಅಲ್ಲಿಂದಲೇ ಜ್ಯುಬಿಲಿ ಹಿಡಿದರೆ ಒಂಬತ್ತು ನಿಲ್ದಾಣ. ಮೆಟ್ರೊಪಾಲಿಟನ್ ಬೋಗಿಗಳಲ್ಲಿ ಏಸಿಯೂ ಇದೆ, ಜ್ಯುಬಿಲಿಯಲ್ಲಿ ಇಲ್ಲ. ಜುಲೈಯಲ್ಲಿ ಈ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ.

ವೆಂಬ್ಲಿ ಸ್ಟೇಡಿಯಂ: ಮೇರಿಲ್‌ಬೋನ್‌ನಿಂದ ಚಿಲ್ಟರ್ನ್ ರೈಲು, ಸುಮಾರು ಹತ್ತು ನಿಮಿಷ. ಇದು ಟ್ಯೂಬ್ ಅಲ್ಲ, ಸಾಮಾನ್ಯ ರೈಲು, ಆದರೂ ಕಾಂಟ್ಯಾಕ್ಟ್‌ಲೆಸ್ ನಡೆಯುತ್ತದೆ. ಹಲವರಿಗೆ ಈ ದಾರಿ ಗೊತ್ತೇ ಇರುವುದಿಲ್ಲ.

ವೆಂಬ್ಲಿ ಸೆಂಟ್ರಲ್: ಬೇಕರ್‌ಲೂ ಲೈನ್ ಮತ್ತು ಯೂಸ್ಟನ್‌ನಿಂದ ಹೊರಡುವ ಓವರ್‌ಗ್ರೌಂಡ್‌ನ (ಲಂಡನ್ನಿನ ಇನ್ನೊಂದು ನಗರ ರೈಲು ಜಾಲದ) ಲಯನೆಸ್ ಲೈನ್. 2022ರಲ್ಲಿ ಇದೇ ವೆಂಬ್ಲಿಯಲ್ಲಿ ಯೂರೋ ಗೆದ್ದ ಇಂಗ್ಲೆಂಡಿನ ಮಹಿಳಾ ತಂಡದ ಗೌರವಕ್ಕೆ ಇಟ್ಟ ಹೆಸರದು. ನಡಿಗೆ ಕಾಲು ಗಂಟೆಗೂ ಹೆಚ್ಚು.

ಕಾರಿನಲ್ಲಿ ಬರುವ ಯೋಚನೆ ಬಿಡಿ. ಪಂದ್ಯದ ದಿನ ಸುತ್ತಲ ಬೀದಿಗಳಲ್ಲಿ ನಿವಾಸಿಗಳಿಗೆ ಮಾತ್ರ ಪಾರ್ಕಿಂಗ್. ಟ್ಯಾಕ್ಸಿ ಬಂದರೂ ದೂರದಲ್ಲೇ ಇಳಿಸುತ್ತದೆ.

ಎಷ್ಟು ಹೊತ್ತಿಗೆ ಮೊದಲೇ ತಲುಪಬೇಕು?

ಕಿಕ್-ಆಫ್‌ಗೆ ಎರಡೂವರೆ ಗಂಟೆ ಮೊದಲು ನಿಲ್ದಾಣದಲ್ಲಿರಿ, ಫೈನಲ್‌ಗೆ ಇನ್ನೂ ಮುಂಚೆ. ಒಂದು ವರ್ಷ ಮುಂದೂಡಿ 2021ರ ಜುಲೈ 11ರಂದು ವೆಂಬ್ಲಿಯಲ್ಲೇ ನಡೆದ ಯೂರೋ 2020 ಫೈನಲ್‌ನಲ್ಲಿ ಟಿಕೆಟ್ ಇಲ್ಲದ ಸಾವಿರಾರು ಜನ ಬಾಗಿಲು ಮುರಿದು ನುಗ್ಗಿದ್ದರು. ಆಮೇಲೆ ಭದ್ರತೆಯನ್ನು ಬಿಗಿ ಮಾಡಿದ್ದಾರೆ. ಮುಖ್ಯ ಬಾಗಿಲಿಗೆ ಬಹಳ ದೂರದಲ್ಲೇ ಟಿಕೆಟ್ ನೋಡುವ ಹೊರವಲಯವೊಂದು ಇರುತ್ತದೆಂದು ಎಣಿಸಿಕೊಂಡೇ ಹೊರಡಿ. ಅಲ್ಲೊಂದು ಸಾಲು, ಬ್ಯಾಗ್ ತಪಾಸಣೆಗೆ ಇನ್ನೊಂದು, ತಿರುಗು ಬಾಗಿಲಲ್ಲಿ ಮತ್ತೊಂದು. ಟಿಕೆಟ್ ಇಲ್ಲದೆ ‘ವಾತಾವರಣ ನೋಡೋಣ’ ಎಂದು ಮೈದಾನದ ಬಳಿ ಹೋಗುವುದು ಬೇಡ.

ಟಿಕೆಟ್‌ನಲ್ಲಿರುವ ಬ್ಲಾಕ್ ಸಂಖ್ಯೆಯಿಂದ ಏನು ತಿಳಿಯುತ್ತದೆ?

ವೆಂಬ್ಲಿಯಲ್ಲಿ ಬ್ಲಾಕ್‌ನ ಮೊದಲ ಅಂಕಿಯೇ ಮಹಡಿ. 1ರಿಂದ ಶುರುವಾದರೆ ಕೆಳಗಿನ ಹಂತ, 2 ನಡುವಿನದು, 5 ಅತಿ ಮೇಲಿನದು. 5ನೇ ಹಂತ ಕಡಿದಾಗಿದೆ. ಎತ್ತರಕ್ಕೆ ತಲೆ ಸುತ್ತುವವರು ಮೇಲಿನ ಸಾಲುಗಳನ್ನು ತಪ್ಪಿಸಿ. ಆಟದ ರಚನೆ ನೋಡುವವರಿಗೆ ಮಾತ್ರ ಅಲ್ಲಿಂದಲೇ ಚೆನ್ನ.

ಪಂದ್ಯ ಮುಗಿದ ಮೇಲೆ ಹೊರಬರಲು ಎಷ್ಟು ಹೊತ್ತು?

ಸೀಟಿನಿಂದ ರೈಲಿನೊಳಗೆ ಕಾಲಿಡಲು ಒಂದರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. ವೆಂಬ್ಲಿ ಪಾರ್ಕ್ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಪೊಲೀಸರು ಜನರನ್ನು ತಡೆದು ಗುಂಪು ಗುಂಪಾಗಿ ಬಿಡುತ್ತಾರೆ. ಪ್ಲಾಟ್‌ಫಾರ್ಮ್ ಮೇಲೆ ನೂಕುನುಗ್ಗಲು ಆಗದಿರಲೆಂದು ಮಾಡುವ ಕೆಲಸವದು. ಸಾಲು ನಿಂತಲ್ಲೇ ನಿಂತಂತೆ ಕಂಡರೂ ಸಾಗುತ್ತಿರುತ್ತದೆ. ಪಕ್ಕದ ಗಲ್ಲಿಯಿಂದ ನುಗ್ಗಲು ನೋಡಿದರೆ ಸಾಲಿನ ಹಿಂದಕ್ಕೆ ಕಳಿಸುತ್ತಾರೆ.

ಎರಡು ಉಪಾಯಗಳಿವೆ. ಒಂದು, ಅವಸರ ಬೇಡವಾದರೆ ಮೈದಾನದ ಪಕ್ಕದ ಅಂಗಡಿ-ಹೋಟೆಲುಗಳಲ್ಲಿ ಮುಕ್ಕಾಲು ಗಂಟೆ ಕಳೆದು ಹೊರಡುವುದು. ಇನ್ನೊಂದು, ಎಲ್ಲರೂ ವೆಂಬ್ಲಿ ಪಾರ್ಕಿನತ್ತ ತಿರುಗಿದಾಗ ನೀವು ವೆಂಬ್ಲಿ ಸೆಂಟ್ರಲ್ ಕಡೆಗೆ ನಡೆಯುವುದು. ನಡಿಗೆ ಜಾಸ್ತಿ, ಸಾಲು ಕಡಿಮೆ.

ಈಗ ಗಡಿಯಾರದ ಲೆಕ್ಕ. ಸೆಮಿಫೈನಲ್‌ಗಳು ಜುಲೈ 4 ಮತ್ತು 5, ಮಂಗಳವಾರ ಮತ್ತು ಬುಧವಾರ. ರಾತ್ರಿ 8ಕ್ಕೆ ಶುರುವಾದ ಪಂದ್ಯ 90 ನಿಮಿಷದಲ್ಲಿ ತೀರ್ಮಾನವಾದರೆ 10ರ ಒಳಗೆ ಮುಗಿಯುತ್ತದೆ. ಹೆಚ್ಚುವರಿ ಸಮಯ, ಪೆನಾಲ್ಟಿ ಬಂದರೆ ಮುಕ್ಕಾಲು ಗಂಟೆಗೂ ಹೆಚ್ಚು ಕೂಡುತ್ತದೆ. ಸಾಲಿನಲ್ಲಿ ಒಂದು ಗಂಟೆ ಎಂದರೆ ರೈಲಿನೊಳಗೆ ಕಾಲಿಡುವಾಗ ಮಧ್ಯರಾತ್ರಿ ಸಮೀಪಿಸಿರುತ್ತದೆ. ಟ್ಯೂಬ್ ರಾತ್ರಿಯಿಡೀ ಓಡುವುದು ಶುಕ್ರವಾರ ಮತ್ತು ಶನಿವಾರ ಮಾತ್ರ, ಅದೂ ಐದು ಲೈನುಗಳಲ್ಲಿ. ಜ್ಯುಬಿಲಿ ಅವುಗಳಲ್ಲೊಂದು, ಮೆಟ್ರೊಪಾಲಿಟನ್ ಇಲ್ಲ. ವಾರದ ದಿನಗಳಲ್ಲಿ ನೇರ ಲೈನಿನ ಮೇಲಿರುವ ಹೋಟೆಲ್ ಎಷ್ಟು ಮುಖ್ಯವೆಂಬುದು ಆಗ ತಿಳಿಯುತ್ತದೆ: ಒಂದೇ ರೈಲು ಸಿಕ್ಕರೆ ಸಾಕು, ಎರಡನೆಯದರ ಕೊನೆಯ ಟ್ರಿಪ್ಪಿಗೆ ಓಡಬೇಕಾಗಿಲ್ಲ. ರಾತ್ರಿ ಬಸ್ಸುಗಳು ಎಲ್ಲ ದಿನವೂ ಇರುತ್ತವೆ, ಅವುಗಳಲ್ಲಿ ಹಲವುಗಳ ಸಂಖ್ಯೆಯ ಮುಂದೆ ಎನ್ ಅಕ್ಷರ ಇರುತ್ತದೆ. ನಿಮ್ಮ ರೂಮಿನ ಕಡೆಗಿನದ್ದು ಯಾವುದೆಂದು ಬರೆದಿಟ್ಟುಕೊಳ್ಳಿ.

ಟಾಟೆನ್‌ಹ್ಯಾಮ್‌ಗೆ?

ಹತ್ತಿರದ್ದು ವೈಟ್ ಹಾರ್ಟ್ ಲೇನ್, ಲಿವರ್‌ಪೂಲ್ ಸ್ಟ್ರೀಟ್‌ನಿಂದ ಓವರ್‌ಗ್ರೌಂಡ್‌ನ ವೀವರ್ ಲೈನ್. ಐದು ನಿಮಿಷದ ನಡಿಗೆ. ಇನ್ನೊಂದು ಬದಿಗೆ ನಾರ್ಥಂಬರ್ಲೆಂಡ್ ಪಾರ್ಕ್, ಹತ್ತು ನಿಮಿಷ. ಮೈದಾನದ ಬಳಿ ಟ್ಯೂಬ್ ಇಲ್ಲ. ವಿಕ್ಟೋರಿಯಾ ಲೈನಿನ ಸೆವೆನ್ ಸಿಸ್ಟರ್ಸ್ ಅಥವಾ ಟಾಟೆನ್‌ಹ್ಯಾಮ್ ಹೇಲ್‌ನಿಂದ ಅರ್ಧ ಗಂಟೆ ನಡೆಯಬೇಕು. ಪಂದ್ಯ ಮುಗಿದ ಮೇಲೆ ಆ ಅರ್ಧ ಗಂಟೆಯ ನಡಿಗೆಯೇ ಬೇಗ ಮುಟ್ಟಿಸುತ್ತದೆ. ವೈಟ್ ಹಾರ್ಟ್ ಲೇನ್‌ನಲ್ಲಿ ಅಷ್ಟೇ ಹೊತ್ತು ಸಾಲಿನಲ್ಲಿ ನಿಂತಿರಬೇಕಾಗುತ್ತದೆ.

ಒಳಗೆ ಏನು ಒಯ್ಯಬಹುದು?

ಎ4 ಹಾಳೆಗಿಂತ, ಅಂದರೆ 21 × 29.7 ಸೆಂಟಿಮೀಟರಿಗಿಂತ ದೊಡ್ಡ ಚೀಲ ಬೇಡ. ಬೆನ್ನಿಗೆ ಹಾಕುವ ಸಾಮಾನ್ಯ ಬ್ಯಾಗ್ ಈ ಅಳತೆ ಮೀರುತ್ತದೆ. ಗಾಜಿನ ಬಾಟಲಿ, ಕ್ಯಾನ್, ದೊಡ್ಡ ಛತ್ರಿ, ಸೆಲ್ಫಿ ಕೋಲು, ದೊಡ್ಡ ಲೆನ್ಸಿನ ಕ್ಯಾಮೆರಾ ರೂಮಿನಲ್ಲೇ ಇರಲಿ. ಪಟಾಕಿ, ಹೊಗೆಬತ್ತಿ ತಂದರೆ ಬಂಧನ. ವಿಮಾನ ಇಳಿದು ನೇರ ಪಂದ್ಯಕ್ಕೆ ಹೋಗುವವರು ಸೂಟ್‌ಕೇಸನ್ನು ಹೋಟೆಲಿನಲ್ಲೋ ದೊಡ್ಡ ರೈಲು ನಿಲ್ದಾಣದ ಲಗೇಜ್ ಕೊಠಡಿಯಲ್ಲೋ ಇಟ್ಟೇ ಬರಬೇಕು. ಎರಡೂ ಮೈದಾನಗಳಲ್ಲಿ ನಗದು ನಡೆಯುವುದಿಲ್ಲ, ಕಾರ್ಡ್ ಮಾತ್ರ. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡರು.

ಫೋನ್ ಕಳೆದುಹೋದರೆ ಟಿಕೆಟ್ ಏನಾಗುತ್ತದೆ?

ಈ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಿಕೊಳ್ಳಬೇಕು. 2024ರ ಯೂರೋದಲ್ಲಿ ಟಿಕೆಟ್ ಇದ್ದದ್ದು ಯೂಇಎಫ್‌ಎಯ ಮೊಬೈಲ್ ಟಿಕೆಟ್ ಆ್ಯಪ್‌ನಲ್ಲಿ. ಮೈದಾನದ ಹತ್ತಿರ ಬಂದಾಗ ಬ್ಲೂಟೂತ್ ಮೂಲಕ ಕ್ಯೂಆರ್ ಕೋಡ್ ಜೀವ ಪಡೆಯುತ್ತಿತ್ತು. ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುತ್ತಿರಲಿಲ್ಲ. ಬ್ಲೂಟೂತ್ ಆಫ್ ಇದ್ದುದಕ್ಕೇ ಬಾಗಿಲಲ್ಲಿ ಕೋಡ್ ಕಾಣದೆ ಜನ ಒದ್ದಾಡಿದ್ದುಂಟು. ಹಾಗಾಗಿ ಆ್ಯಪ್‌ನ್ನು ಮನೆಯಲ್ಲೇ ಇಳಿಸಿ, ಲಾಗಿನ್ ಆಗಿ, ಜೊತೆಯವರ ಟಿಕೆಟ್‌ಗಳನ್ನು ಅವರವರ ಫೋನಿಗೆ ವರ್ಗಾಯಿಸಿಡಿ. ನಾಲ್ವರ ಟಿಕೆಟ್ ಒಂದೇ ಫೋನಿನಲ್ಲಿದ್ದು ಅದರ ಚಾರ್ಜ್ ಮುಗಿದರೆ ನಾಲ್ವರೂ ಹೊರಗೆ.

ಲಂಡನ್ನಿನಲ್ಲಿ ಫೋನ್ ಕಸಿಯುವವರು ಹೆಚ್ಚು. ಸೈಕಲ್, ಇ-ಬೈಕಿನಲ್ಲಿ ಪುಟಪಾತಿನ ಅಂಚಿಗೆ ಬಂದು ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ. ಟ್ಯೂಬ್ ನಿಲ್ದಾಣದಿಂದ ಹೊರಬಂದು ಮ್ಯಾಪ್ ನೋಡುತ್ತ ನಿಂತಿರುವವರೇ ಅವರ ಗುರಿ. ದಾರಿ ನೋಡಬೇಕಾದರೆ ರಸ್ತೆಗೆ ಬೆನ್ನು ಹಾಕಿ ಗೋಡೆಯ ಬದಿಗೆ ನಿಲ್ಲಿ, ಅಥವಾ ಅಂಗಡಿಯೊಳಗೆ ಹೋಗಿ. ಹಳೆಯ ಫೋನೊಂದಿದ್ದರೆ ಚಾರ್ಜ್ ಮಾಡಿ ರೂಮಿನಲ್ಲಿಟ್ಟಿರಿ. ಖಾತೆಯ ಇಮೇಲ್, ಪಾಸ್‌ವರ್ಡ್ ತಲೆಯಲ್ಲೋ ಕಾಗದದಲ್ಲೋ ಇರಲಿ. ಓಟಿಪಿ ಬರುವ ಸಿಮ್ ಕಳುವಾದ ಫೋನಿನಲ್ಲೇ ಇದ್ದರೆ ಇನ್ನೊಂದು ಫೋನಿದ್ದೂ ಲಾಗಿನ್ ಆಗದು. ಓಟಿಪಿಯನ್ನು ಇಮೇಲ್‌ಗೆ ತರಿಸಿಕೊಳ್ಳುವ ಆಯ್ಕೆಯಿದ್ದರೆ ಅದನ್ನು ಆರಿಸಿ.

ಚಾರ್ಜರಿಗೆ ಮೂರು ಚೌಕ ಕಡ್ಡಿಯ ಜಿ ಮಾದರಿಯ ಪ್ಲಗ್ ಬೇಕು.

ಮದ್ಯದ ನಿಯಮವೇನು?

1985ರ ಕಾಯ್ದೆಯ ಪ್ರಕಾರ ಇಂಗ್ಲೆಂಡ್, ವೇಲ್ಸ್‌ನಲ್ಲಿ ಫುಟ್‌ಬಾಲ್ ಪಂದ್ಯದ ವೇಳೆ ಆಟದ ಅಂಗಣ ಕಾಣುವ ಜಾಗದಲ್ಲಿ ಮದ್ಯ ಕುಡಿಯುವಂತಿಲ್ಲ. ಒಳಗಿನ ಓಣಿಯಲ್ಲಿ ಕುಡಿಯಬಹುದು, ಸೀಟಿಗೆ ಒಯ್ಯುವಂತಿಲ್ಲ. ಟ್ಯೂಬ್, ಬಸ್ಸುಗಳಲ್ಲಿ 2008ರಿಂದ ಕುಡಿಯುವುದೂ ತೆರೆದ ಬಾಟಲಿ ಹಿಡಿದಿರುವುದೂ ನಿಷಿದ್ಧ. ಅಮಲೇರಿ ಬಂದರೆ ಬಾಗಿಲಲ್ಲೇ ತಡೆಯುತ್ತಾರೆ, ಟಿಕೆಟ್ ಹಣ ಹೋದಂತೆಯೇ.

ಸಸ್ಯಾಹಾರ ಸಿಗುತ್ತದೆಯೇ?

ವೆಂಬ್ಲಿಯೇ ಅದಕ್ಕೆ ಒಳ್ಳೆಯ ಜಾಗ. ವೆಂಬ್ಲಿ ಸೆಂಟ್ರಲ್ ಹತ್ತಿರದ ಈಲಿಂಗ್ ರೋಡ್ ಉದ್ದಕ್ಕೂ ಗುಜರಾತಿ ಮತ್ತು ದಕ್ಷಿಣ ಭಾರತದ ಹೋಟೆಲುಗಳಿವೆ. ಪಂದ್ಯಕ್ಕೆ ಮೊದಲು ಅಲ್ಲಿ ಊಟ ಮುಗಿಸಿ ಮೈದಾನಕ್ಕೆ ನಡೆದು ಹೋಗಬಹುದು. ಯೂಸ್ಟನ್ ಪಕ್ಕದ ಡ್ರಮಂಡ್ ಸ್ಟ್ರೀಟ್ ಇನ್ನೊಂದು. ರಾತ್ರಿ ಪಂದ್ಯದ ನಂತರ ಬಹುತೇಕ ಅಡುಗೆಮನೆಗಳು ಮುಚ್ಚಿರುತ್ತವೆ, ರೂಮಿನಲ್ಲಿ ಏನಾದರೂ ತಿನ್ನಲು ಇಟ್ಟಿರಿ.

ಹವಾಮಾನ?

ಹಗಲು ಸಾಮಾನ್ಯವಾಗಿ 20ರ ಆಸುಪಾಸು. ಒಮ್ಮೊಮ್ಮೆ 30 ದಾಟುತ್ತದೆ. 2022ರ ಜುಲೈಯಲ್ಲಿ 40 ಡಿಗ್ರಿಯನ್ನೂ ಮುಟ್ಟಿತ್ತು. ಬಹಳಷ್ಟು ಹೋಟೆಲುಗಳಲ್ಲಿ ಏಸಿ ಇರುವುದಿಲ್ಲ, ಬುಕ್ ಮಾಡುವಾಗ ಕೇಳಿ. ಮಳೆ ಯಾವಾಗ ಬೇಕಾದರೂ ಬರಬಹುದು, ಮಡಚುವ ರೇನ್‌ಕೋಟ್ ಸಾಕು. ಕತ್ತಲಾಗುವುದು ರಾತ್ರಿ ಒಂಬತ್ತೂವರೆಯ ನಂತರ, ಆಮೇಲೆ ಸಾಲಿನಲ್ಲಿ ನಿಂತಾಗ ಚಳಿ ಹಿಡಿಯುತ್ತದೆ.

ಲಂಡನ್ನಿನಲ್ಲಿದ್ದುಕೊಂಡು ಬೇರೆ ಊರಿನ ಪಂದ್ಯ ನೋಡಿ ಅದೇ ದಿನ ಮರಳಬಹುದೇ?

ಮಧ್ಯಾಹ್ನದ ಪಂದ್ಯಕ್ಕೆ ಹೌದು, ರಾತ್ರಿಯದಕ್ಕೆ ಬಹುತೇಕ ಇಲ್ಲ. ಯೂಸ್ಟನ್‌ನಿಂದ ಬರ್ಮಿಂಗ್‌ಹ್ಯಾಮ್ ಒಂದು ಗಂಟೆ ಇಪ್ಪತ್ತು ನಿಮಿಷ, ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ಎರಡೂಕಾಲು ಗಂಟೆಯ ಆಸುಪಾಸು, ಗ್ಲಾಸ್ಗೋ ನಾಲ್ಕೂವರೆ ಗಂಟೆ. ಪ್ಯಾಡಿಂಗ್ಟನ್‌ನಿಂದ ಕಾರ್ಡಿಫ್ ಎರಡು ಗಂಟೆಯೊಳಗೆ, ಕಿಂಗ್ಸ್ ಕ್ರಾಸ್‌ನಿಂದ ನ್ಯೂಕಾಸಲ್ ಮೂರು ಗಂಟೆಯೊಳಗೆ. ರಾತ್ರಿ 8ರ ಪಂದ್ಯ ಮುಗಿದ ಮೇಲೆ ನ್ಯೂಕಾಸಲ್‌ನಿಂದ ಲಂಡನ್ನಿಗೆ ರೈಲಿರುವುದಿಲ್ಲ. ಅಲ್ಲೇ ಒಂದು ರಾತ್ರಿ ಉಳಿಯಿರಿ.

ರೈಲು ಟಿಕೆಟ್‌ನಲ್ಲಿ ಅಡ್ವಾನ್ಸ್ ಎಂಬುದು ಅಗ್ಗ, ಸುಮಾರು 12 ವಾರ ಮೊದಲು ಮಾರಾಟಕ್ಕೆ ಬರುತ್ತದೆ. ಆದರೆ ಅದು ಆ ಒಂದು ರೈಲಿಗೆ ಮಾತ್ರ. ಹೆಚ್ಚುವರಿ ಸಮಯದಿಂದಾಗಿ ರೈಲು ತಪ್ಪಿದರೆ ಹೊಸ ಟಿಕೆಟ್ಟನ್ನು ಪೂರ್ತಿ ದರಕ್ಕೆ ಕೊಳ್ಳಬೇಕು. ಹೋಗುವಾಗ ಅಡ್ವಾನ್ಸ್, ಬರುವಾಗ ದಟ್ಟಣೆಯ ಹೊತ್ತು ಬಿಟ್ಟು ಉಳಿದ ರೈಲುಗಳಿಗೆ ಹತ್ತಬಹುದಾದ ಆಫ್-ಪೀಕ್ ಅಥವಾ ಯಾವ ರೈಲಿಗಾದರೂ ಹತ್ತಬಹುದಾದ ಎನಿಟೈಮ್ ತೆಗೆದುಕೊಳ್ಳುವುದು ಜಾಣತನ. ರೈಲು ತಡವಾದರೆ ಪರಿಹಾರ ಕೇಳುವ ಹಕ್ಕಿದೆ, ಟಿಕೆಟ್ ಬಿಸಾಡಬೇಡಿ. ಭಾನುವಾರಗಳಲ್ಲಿ ಹಳಿ ದುರಸ್ತಿಗೆಂದು ರೈಲಿನ ಬದಲು ಬಸ್ ಓಡಿಸುವುದುಂಟು. ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿ.

ಮಕ್ಕಳು, ಗಾಲಿಕುರ್ಚಿ ಬಳಸುವವರು ಜೊತೆಗಿದ್ದರೆ?

11 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್, ಬಸ್ ಉಚಿತ. ಒಬ್ಬ ವಯಸ್ಕರ ಜೊತೆ ನಾಲ್ವರವರೆಗೆ. 11ರಿಂದ 15ರವರಿಗೆ ಓಯ್ಸ್ಟರ್ ಕೊಂಡು ನಿಲ್ದಾಣದ ಸಿಬ್ಬಂದಿಯಿಂದ ‘ಯಂಗ್ ವಿಸಿಟರ್’ ರಿಯಾಯಿತಿ ಹಾಕಿಸಿಕೊಳ್ಳಿ, 14 ದಿನದವರೆಗೆ ಅರ್ಧ ದರ. ಬ್ಯಾಂಕ್ ಕಾರ್ಡಿನಲ್ಲಿ ಈ ರಿಯಾಯಿತಿ ಸಿಗದು. ವೆಂಬ್ಲಿ ಪಾರ್ಕ್, ವೆಂಬ್ಲಿ ಸ್ಟೇಡಿಯಂ, ವೈಟ್ ಹಾರ್ಟ್ ಲೇನ್ ಮೂರರಲ್ಲೂ ಲಿಫ್ಟ್ ಅಥವಾ ಇಳಿಜಾರು ಇದೆ, ಆದರೆ ನೀವು ಹತ್ತುವ ನಿಲ್ದಾಣದಲ್ಲೂ ಇದೆಯೇ ಎಂದು ನೋಡಬೇಕು. ಬೇಕರ್ ಸ್ಟ್ರೀಟ್‌ನಲ್ಲಿ ಇಲ್ಲ, ಕಿಂಗ್ಸ್ ಕ್ರಾಸ್‌ನಲ್ಲಿದೆ. ಗಾಲಿಕುರ್ಚಿಯ ಟಿಕೆಟ್ ಜೊತೆ 2024ರಲ್ಲಿ ಸಹಾಯಕರಿಗೊಂದು ಟಿಕೆಟ್ ಉಚಿತವಿತ್ತು. ಅರ್ಜಿಯಲ್ಲಿ ಮೊದಲೇ ಆ ದರ್ಜೆ ಆರಿಸಬೇಕು, ಆಮೇಲೆ ಬದಲಿಸುವುದು ಕಷ್ಟ.

ತುರ್ತು ಸಂದರ್ಭಕ್ಕೆ ಯಾವ ಸಂಖ್ಯೆ?

ಪ್ರಾಣಾಪಾಯಕ್ಕೆ 999. ಜ್ವರ, ಗಾಯದಂಥ ಸಲಹೆಗೆ 111. ರೈಲು ಅಥವಾ ಟ್ಯೂಬಿನಲ್ಲಿ ಯಾರಾದರೂ ಕಿರುಕುಳ ಕೊಟ್ಟರೆ 61016ಕ್ಕೆ ಮೆಸೇಜ್ ಕಳಿಸಿ, ರೈಲ್ವೆ ಪೊಲೀಸರಿಗೆ ಹೋಗುತ್ತದೆ. ಪ್ರವಾಸ ವಿಮೆಯ ಸಂಖ್ಯೆ ಫೋನಿನ ಹೊರಗೂ ಬರೆದಿರಲಿ.

ಫೈನಲ್ ಮುಗಿಸಿ ಅದೇ ರಾತ್ರಿ ವಿಮಾನ ಹತ್ತಬಹುದೇ?

ಫೈನಲ್ ಜುಲೈ 9, ಭಾನುವಾರ, ಸ್ಥಳೀಯ ಸಮಯ ಸಂಜೆ 5ಕ್ಕೆ. ಸಂಜೆಯೇ ಮುಗಿಯುತ್ತದಲ್ಲ, ರಾತ್ರಿ 10ರ ವಿಮಾನ ಸಿಗುತ್ತದೆ ಎಂದು ತೋರಬಹುದು. ಲೆಕ್ಕ ಹಾಕಿ ನೋಡಿ: ಪೆನಾಲ್ಟಿವರೆಗೆ ಹೋದರೆ 8 ಗಂಟೆಯ ಹತ್ತಿರ, ಕಪ್ ಕೊಡುವ ಸಮಾರಂಭಕ್ಕೆ ಇನ್ನರ್ಧ ಗಂಟೆ, ಹೊರಬರಲು ಒಂದೂವರೆ ಗಂಟೆ, ಸೂಟ್‌ಕೇಸ್ ಇರುವುದು ಬೇರೆ ಕಡೆ, ಹೀಥ್ರೋಗೆ ಮತ್ತೊಂದು ಗಂಟೆ. ಭಾನುವಾರ ಟ್ಯೂಬ್ ಉಳಿದ ದಿನಗಳಿಗಿಂತ ಬೇಗ ಮುಚ್ಚುತ್ತದೆ. ಸೋಮವಾರ ಮಧ್ಯಾಹ್ನದ ನಂತರದ ವಿಮಾನ ಹಿಡಿಯಿರಿ. ಸೋಮವಾರ ಬೆಳಿಗ್ಗೆ 6:30ರಿಂದ 9:30ರವರೆಗೆ ಟ್ಯೂಬಿನಲ್ಲಿ ಕಚೇರಿಗೆ ಹೋಗುವವರ ನೂಕಾಟ, ದರವೂ ಹೆಚ್ಚು. ಲಗೇಜ್ ಇದ್ದವರು ಹತ್ತು ಗಂಟೆಗೆ ರೂಮು ಬಿಟ್ಟರೆ ಸಲೀಸು.